ಮೀಟರಿಲ್ಲದ ಮನೆಗಳ ಸುದ್ದಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು ಕನ್ನಡದ ಸುದ್ದಿವಾಹಿನಿಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಕಾಣಿಸಿಕೊಂಡವೆಂದರೆ ಮಾತ್ರ ದಿನಗಟ್ಟಲೆ ಕಾಣಿಸಿಕೊಳ್ಳುತ್ತವೆ. 2022ರ ನವೆಂಬರಿನಲ್ಲಿ ಹೊನ್ನಾಳಿಯ ಬಳಿ ತುಂಗಾ ನಾಲೆಯಿಂದ ಮೇಲೆತ್ತಿದ ಕಾರು, 2023ರ ಮಾರ್ಚಿನಲ್ಲಿ ಚನ್ನಗಿರಿ ಶಾಸಕರ ಮಗನ ಮನೆಯಲ್ಲಿ ಸಿಕ್ಕ ನೋಟಿನ ಕಂತೆಗಳು, 2024ರ ಮೇ ತಿಂಗಳಲ್ಲಿ ಚನ್ನಗಿರಿ ಠಾಣೆಯೆದುರು ಜಖಂಗೊಂಡ ಪೊಲೀಸ್ ವಾಹನಗಳು, ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯಾಮತಿಯ ಬ್ಯಾಂಕಿನಿಂದ ಮಾಯವಾದ ಚಿನ್ನ, 2025ರ ಏಪ್ರಿಲಿನಲ್ಲಿ ಚನ್ನಗಿರಿ ತಾಲ್ಲೂಕಿನ ತಾವರೆಕೆರೆಯಲ್ಲಿ ಮಸೀದಿಯ ಮುಂದೆ ಒಬ್ಬ ಹೆಣ್ಣುಮಗಳಿಗೆ ಬಿದ್ದ ಏಟುಗಳು. ಈ ಸೀಮೆಯ ನಾಲ್ಕೈದು ವರ್ಷಗಳ ಚರಿತ್ರೆಯನ್ನು ಟಿ.ವಿ.ಯೊಂದರಿಂದಲೇ ತಿಳಿಯಬೇಕಾದವನಿಗೆ ಇಲ್ಲಿ ಹೆಣ, ಹಣ, ಚಿನ್ನ ಮತ್ತು ದೊಣ್ಣೆಗಳ ಹೊರತು ಬೇರೇನೂ ಇಲ್ಲವೆಂದು ಅನಿಸಿದರೆ ಅವನದು ತಪ್ಪಲ್ಲ. ಜಗಳೂರಂತೂ ಈ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇವೆ.

ಇದನ್ನೆಲ್ಲ ಟಿಆರ್‌ಪಿಯ ಮಹಿಮೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಟಿಆರ್‌ಪಿ ಎಂದರೇನು, ಅದು ಯಾರನ್ನು ಲೆಕ್ಕ ಹಿಡಿಯುತ್ತದೆ, ಯಾರನ್ನು ಬಿಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಕೆಲವು ಮನೆಗಳನ್ನು ಆಯ್ದು ಅವುಗಳ ಟಿ.ವಿ. ಪೆಟ್ಟಿಗೆಗೆ ಒಂದು ಮೀಟರ್ ಜೋಡಿಸುತ್ತಾರೆ. ಮನೆಯವರು ಯಾವ ಚಾನೆಲನ್ನು ಎಷ್ಟು ಹೊತ್ತು ನೋಡಿದರೆಂಬುದು ಅದರಲ್ಲಿ ದಾಖಲಾಗುತ್ತದೆ. ಆ ಲೆಕ್ಕವನ್ನು ಹಿಗ್ಗಿಸಿ ಇಡೀ ರಾಜ್ಯ ಇದನ್ನು ನೋಡಿತು ಎನ್ನುತ್ತಾರೆ. ಜಾಹೀರಾತಿನ ಹತ್ತು ಸೆಕೆಂಡಿಗೆ ಎಷ್ಟು ಬೆಲೆ ಎಂಬುದು ಆ ಅಂಕಿಯ ಮೇಲೆ ನಿಂತಿದೆ. ಕನ್ನಡದ ಸುದ್ದಿವಾಹಿನಿಗಳಿಗೆ ನೋಡುಗರಿಂದ ನೇರವಾಗಿ ಬರುವ ಕಾಸು ಅತ್ಯಲ್ಪ. ಜಾಹೀರಾತೇ ಅವುಗಳ ಅನ್ನ. ಆದ್ದರಿಂದ ವಾಹಿನಿಯ ಗಿರಾಕಿ ನಾವಲ್ಲ, ಜಾಹೀರಾತುದಾರ. ನಾವು ಅವನಿಗೆ ಮಾರಾಟವಾಗುವ ಸರಕು.

ಈ ಸಂತೆಯಲ್ಲಿ ಚನ್ನಗಿರಿ-ಜಗಳೂರಿನ ಸರಕಿಗೆ ಬಹುಕಾಲ ತಕ್ಕಡಿಯೇ ಇರಲಿಲ್ಲ. 2015ರವರೆಗೆ ಈ ಲೆಕ್ಕ ಇಡುತ್ತಿದ್ದುದು ಟ್ಯಾಮ್ ಎಂಬ ಸಂಸ್ಥೆ. 2010ರಲ್ಲಿ ಕೇಂದ್ರ ಸರ್ಕಾರ ಅಮಿತ್ ಮಿತ್ರಾ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದ ಹೊತ್ತಿಗೆ ಇಡೀ ದೇಶಕ್ಕೆ ಅದರ ಬಳಿ ಇದ್ದುದು ಸುಮಾರು ಎಂಟು ಸಾವಿರ ಮೀಟರುಗಳು. ಅವೂ ಲಕ್ಷಕ್ಕೆ ಮೇಲ್ಪಟ್ಟು ಜನಸಂಖ್ಯೆಯಿರುವ ನಗರಗಳಲ್ಲಿ ಮಾತ್ರ. ಅವನ್ನು 30,000ಕ್ಕೆ ಏರಿಸಿ, ಹಳ್ಳಿಗಳನ್ನೂ ಸೇರಿಸಿ ಎಂದು ಸಮಿತಿ ಹೇಳಿತು. ಬಾರ್ಕ್ ಬಂದು ಗ್ರಾಮೀಣ ಅಂಕಿಗಳು ಮೊದಲ ಬಾರಿಗೆ ಹೊರಬಿದ್ದದ್ದು 2015ರ ಅಕ್ಟೋಬರಿನಲ್ಲಿ. ಈಗ ನೆನಪಿಸಿಕೊಳ್ಳಿ: ಟಿವಿ9 ಕನ್ನಡ ಶುರುವಾದದ್ದು 2006ರ ಕೊನೆಗೆ, ಸುವರ್ಣ ನ್ಯೂಸ್ 2008ರಲ್ಲಿ, ಪಬ್ಲಿಕ್ ಟಿವಿ 2012ರಲ್ಲಿ, ನಡುವೆ ಸಮಯ, ಜನಶ್ರೀ, ಇನ್ನೂ ಕೆಲವು. ಅಂದರೆ ಕನ್ನಡದ ಇಪ್ಪತ್ನಾಲ್ಕು ತಾಸಿನ ಸುದ್ದಿ ತನ್ನ ಭಾಷೆ, ತನ್ನ ಕಿರುಚಾಟ, ತನ್ನ ಕೆಂಪು ಪಟ್ಟಿ ಎಲ್ಲವನ್ನೂ ರೂಢಿಸಿಕೊಂಡ ಆ ಮೊದಲ ಒಂಬತ್ತು ವರ್ಷಗಳಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಒಂದೇ ಒಂದು ಮನೆಯೂ ಲೆಕ್ಕಕ್ಕಿರಲಿಲ್ಲ. ಈ ನಾಲ್ಕು ಊರುಗಳಲ್ಲಿ ಯಾವುದೂ ಲಕ್ಷದ ಹತ್ತಿರಕ್ಕೂ ಬಾರದು. ಇಲ್ಲಿನವರು ರಾತ್ರಿಯಿಡೀ ಟಿ.ವಿ. ನೋಡಿದರೂ ಅಷ್ಟೆ, ಪೆಟ್ಟಿಗೆಯನ್ನು ಗುಜರಿಗೆ ಹಾಕಿದರೂ ಅಷ್ಟೆ.

ನೋಡುಗನಾಗಿ ಲೆಕ್ಕಕ್ಕಿಲ್ಲದವನು ಸುದ್ದಿಯಾಗಿ ಮಾತ್ರ ಲೆಕ್ಕಕ್ಕೆ ಬರುತ್ತಾನೆ. ಅವನ ಊರಿನ ಯಾವುದು ಬೆಂಗಳೂರಿನ ಅಥವಾ ಹುಬ್ಬಳ್ಳಿಯ ಮೀಟರು ಮನೆಯವನ ಕೈಯ ರಿಮೋಟನ್ನು ಕ್ಷಣಕಾಲ ತಡೆಯಬಲ್ಲದೋ ಅದಷ್ಟೇ ಸುದ್ದಿ.

ಬಾರ್ಕ್ ಬಂದ ಮೇಲೆ ಮೀಟರು ಹೆಚ್ಚಿದವು, 55 ಸಾವಿರದಷ್ಟಾದವು. ಆದರೆ ದೇಶದಲ್ಲಿ ಟಿ.ವಿ. ಇರುವ ಮನೆಗಳು ಸುಮಾರು 21 ಕೋಟಿ. ಮೂರೂಮುಕ್ಕಾಲು ಸಾವಿರ ಮನೆಗೊಂದು ಮೀಟರು. ಧಾರಾವಾಹಿ, ಸಿನಿಮಾ ನೋಡುವವರ ಮುಂದೆ ಸುದ್ದಿ ನೋಡುವವರು ಕಡಿಮೆ. ಅದರಲ್ಲಿ ಕನ್ನಡ ಸುದ್ದಿ, ಅದರಲ್ಲೂ ಹತ್ತಾರು ವಾಹಿನಿಗಳು ಎಂದು ಹಂಚುತ್ತ ಹೋದರೆ ಒಂದು ವಾಹಿನಿಯ ಏಳುಬೀಳನ್ನು ನಿರ್ಧರಿಸುವ ಮನೆಗಳು ತೀರ ಸ್ವಲ್ಪವೇ. ಅಷ್ಟು ಸಣ್ಣ ಸಂಖ್ಯೆಯನ್ನು ಅಲುಗಾಡಿಸುವುದೂ ಸುಲಭ. 2020ರ ಅಕ್ಟೋಬರ್ 8ರಂದು ಮುಂಬೈ ಪೊಲೀಸರು ಬಯಲಿಗಿಟ್ಟ ಆರೋಪವೂ ಅದೇ: ಮೀಟರು ಮನೆಯವರಿಗೆ ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು ಇಂಥದ್ದೇ ಚಾನೆಲ್ ಹಚ್ಚಿಡಿ ಎನ್ನಲಾಗುತ್ತಿತ್ತಂತೆ. ಆ ಪ್ರಕರಣವನ್ನು ಹಿಂಪಡೆಯಲು 2024ರ ಮಾರ್ಚಿನಲ್ಲಿ ನ್ಯಾಯಾಲಯ ಸರ್ಕಾರಕ್ಕೆ ಅನುಮತಿ ನೀಡಿತು. ಹೀಗೆ ಆರೋಪ ನಿಜವೋ ಸುಳ್ಳೋ ಎಂಬುದು ವಿಚಾರಣೆಯಲ್ಲಿ ತೀರ್ಮಾನವಾಗದೆಯೇ ಮುಗಿಯಿತು.

ಈಗ ನಮ್ಮ ಸೀಮೆಗೆ ಬರೋಣ.

2023ರ ಮಾರ್ಚ್ 2ರಂದು ಲೋಕಾಯುಕ್ತ ಪೊಲೀಸರು ಅಂದಿನ ಚನ್ನಗಿರಿ ಶಾಸಕ, ಸಾಬೂನು ಮತ್ತು ಮಾರ್ಜಕ ನಿಗಮದ ಅಧ್ಯಕ್ಷ ಮಾಡಾಳು ವಿರೂಪಾಕ್ಷಪ್ಪನವರ ಮಗನನ್ನು 40 ಲಕ್ಷ ರೂಪಾಯಿ ಲಂಚದ ಆರೋಪದಲ್ಲಿ ಹಿಡಿದರು. ಶೋಧದಲ್ಲಿ ಎಂಟು ಕೋಟಿಗೂ ಹೆಚ್ಚು ನಗದು ಸಿಕ್ಕಿತು. ನೋಟಿನ ರಾಶಿ ಟಿ.ವಿ.ಗೆ ಹೇಳಿ ಮಾಡಿಸಿದ ದೃಶ್ಯ, ತೋರಿಸಿದ್ದರಲ್ಲಿ ತಪ್ಪೇನೂ ಇಲ್ಲ. ಕೆಲವೇ ದಿನಗಳಲ್ಲಿ ಮಧ್ಯಂತರ ಜಾಮೀನು ಪಡೆದು ಊರಿಗೆ ಬಂದ ಶಾಸಕರಿಗೆ ಬೆಂಬಲಿಗರು ಪಟಾಕಿ ಹಚ್ಚಿ ಮೆರವಣಿಗೆ ಮಾಡಿದ್ದನ್ನೂ ತೋರಿಸಿದರು. ಆಗ ಶಾಸಕರು ಒಂದು ಮಾತಾಡಿದರು. ತಮ್ಮದು ಅಡಿಕೆ ಸೀಮೆ, ಇಲ್ಲಿ ಸಾಮಾನ್ಯನ ಮನೆಯಲ್ಲೂ ಕೋಟಿಗಟ್ಟಲೆ ಹಣ ಇರುತ್ತದೆ ಎಂಬರ್ಥದ ಮಾತು. ವಾಹಿನಿಗಳು ಅದನ್ನು ಹಾಸ್ಯದ ತುಣುಕಾಗಿ ತಿರುಗಿಸಿ ತಿರುಗಿಸಿ ಹಾಕಿದವು. ನಮಗೆ ಅನಿಸುವುದು, ಆ ವಾರದಲ್ಲಿ ಬೆಲೆಯುಳ್ಳ ಸುದ್ದಿಯ ಎಳೆ ಇದ್ದದ್ದು ಆ ಮಾತಿನಲ್ಲೇ. ಚನ್ನಗಿರಿಯ ಅಡಿಕೆ ವಹಿವಾಟಿನಲ್ಲಿ ಎಷ್ಟು ಭಾಗ ಲೆಕ್ಕಪತ್ರದಲ್ಲಿ ನಡೆಯುತ್ತದೆ, ಎಷ್ಟು ಕೈಯಿಂದ ಕೈಗೆ? ಎರಡು ಎಕರೆಯ ಬೆಳೆಗಾರನ ಮನೆಯಲ್ಲಿ ಇರುವುದು ಕೋಟಿಯೋ, ಸಹಕಾರ ಸಂಘದ ಸಾಲದ ಚೀಟಿಯೋ? ತೋಟದ ಕೂಲಿಗೆ, ಅಡಿಕೆ ಸುಲಿಯುವ ಹೆಂಗಸರಿಗೆ ಏನು ಸಿಗುತ್ತದೆ? ಇದನ್ನು ಕೇಳಲು ಒಬ್ಬ ವರದಿಗಾರನನ್ನು ನಾಲ್ಕು ದಿನ ಊರಲ್ಲಿ ಬಿಡಬೇಕು. ನಾವು ನೋಡಿದ ಮಟ್ಟಿಗೆ ಯಾವ ವಾಹಿನಿಯೂ ಬಿಡಲಿಲ್ಲ. ಪಕ್ಕದ ವಾಹಿನಿ ಅದೇ ನೋಟಿನ ರಾಶಿಯ ಮುಂದೆ ನಿಂತಿರುವಾಗ ನಾವು ಅಡಿಕೆ ಸುಲಿಯುವವರ ಬಳಿ ಹೋದರೆ ಆ ಅರ್ಧ ಗಂಟೆ ಕೈಬಿಟ್ಟಿತು ಎಂಬ ಭಯ.

ಪೈಪೋಟಿ ಇದ್ದರೆ ವೈವಿಧ್ಯ ಬರುತ್ತದೆ ಎಂದು ಅರ್ಥಶಾಸ್ತ್ರದ ಪಾಠ ಹೇಳುತ್ತದೆ. ಹೋಟೆಲು ಹೆಚ್ಚಾದರೆ ತಿಂಡಿ ಬಗೆಬಗೆಯಾದೀತು. ಸುದ್ದಿಯಲ್ಲಿ ಆದದ್ದು ತದ್ವಿರುದ್ಧ. ಹತ್ತು ವಾಹಿನಿಗಳೂ ಒಂದೇ ದಿನ ಒಂದೇ ಇಡ್ಲಿಯನ್ನು ಹತ್ತು ತಟ್ಟೆಗಳಲ್ಲಿ ಬಡಿಸುತ್ತವೆ. ಬೇರೆ ದಾರಿ ಹಿಡಿದು ಸೋತ ಸಂಪಾದಕನನ್ನು ಮಾಲೀಕ ಪ್ರಶ್ನಿಸುತ್ತಾನೆ, ಎಲ್ಲರ ಜೊತೆ ಸೋತವನನ್ನು ಯಾರೂ ಕೇಳುವುದಿಲ್ಲ. ಆಮೇಲೆ ಇದೇ ಪ್ರಕರಣದಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಮಾನಹಾನಿಕರ ವರದಿ ಮಾಡದಂತೆ 46 ಮಾಧ್ಯಮ ಸಂಸ್ಥೆಗಳಿಗೆ ತಡೆಯಾಜ್ಞೆ ಕೊಟ್ಟಿತು. ನಾವು ಅದನ್ನು ಒಪ್ಪುವುದಿಲ್ಲ. ಸದ್ದು ಮಾಡಿದವರ ಜೊತೆಗೆ ಸರಿಯಾಗಿ ಬರೆದವರ ಬಾಯಿಯನ್ನೂ ಅದು ಕಟ್ಟುತ್ತದೆ.

ಹೊನ್ನಾಳಿಯದು ಇನ್ನೊಂದು ಬಗೆ. ಅಲ್ಲಿನ ಶಾಸಕರಾಗಿದ್ದ ಎಂ.ಪಿ. ರೇಣುಕಾಚಾರ್ಯ ಕ್ಯಾಮೆರಾದ ಹಸಿವನ್ನು ಚೆನ್ನಾಗಿ ಬಲ್ಲವರು. 2021ರಲ್ಲಿ ಸಾರಿಗೆ ಬಸ್ಸು ಓಡಿಸಿದರು, ಅರಬಗಟ್ಟೆಯ ಕೋವಿಡ್ ಕೇಂದ್ರದಲ್ಲೇ ಉಳಿದು ಸೋಂಕಿತರ ಜೊತೆ ಕುಣಿದರು. ಬೆಂಗಳೂರಿನ ಸ್ಟುಡಿಯೋಗೆ ಖರ್ಚಿಲ್ಲದೆ ದಿನಕ್ಕೊಂದು ದೃಶ್ಯ ಸಿಗುತ್ತಿತ್ತು. ಆ ತಾಲ್ಲೂಕಿನ ಆಸ್ಪತ್ರೆಯಲ್ಲಿ ಎಷ್ಟು ಆಮ್ಲಜನಕದ ಹಾಸಿಗೆಗಳಿದ್ದವು ಎಂಬುದು ಕುಣಿತದ ಜೊತೆಗೆ ಹೇಳಬಹುದಾಗಿದ್ದ ಒಂದು ಸಾಲು. ಮುಂದೆ 2022ರ ಅಕ್ಟೋಬರ್ 30ರ ರಾತ್ರಿ ಅವರ ಸಹೋದರನ ಮಗ ಕಾಣೆಯಾಗಿ, ನಾಲ್ಕು ದಿನಗಳ ಬಳಿಕ ನಾಲೆಯಲ್ಲಿ ಕಾರಿನೊಳಗೆ ಶವವಾಗಿ ಸಿಕ್ಕಾಗ ಅದೇ ಕ್ಯಾಮೆರಾಗಳು ಸಾಲುಗಟ್ಟಿ ಬಂದವು. ಮಗನಂತೆ ಬೆಳೆಸಿದ ಹುಡುಗನನ್ನು ಕಳೆದುಕೊಂಡ ಮನೆಯವರ ಅಳು ನಿಜವಾದದ್ದು. ಕೊಲೆಯೆಂದು ಅವರಿಗೆ ಅನಿಸಿದ್ದರೆ ಹೇಳುವ ಹಕ್ಕೂ ಅವರದು. ಆದರೆ ತನಿಖೆ ಮುಗಿಯುವ ಮೊದಲೇ ಅಪಘಾತವೋ ಕೊಲೆಯೋ ಎಂದು ಗ್ರಾಫಿಕ್ಸ್ ಕಾರನ್ನು ಗ್ರಾಫಿಕ್ಸ್ ನಾಲೆಗೆ ಹತ್ತಾರು ಸಲ ಬೀಳಿಸಿದ ಸ್ಟುಡಿಯೋಗೆ ಯಾವ ದುಃಖವಿತ್ತು? ಆ ದುಃಖದ ಮೇಲೆ ಕೋಮಿನ ಸಂಶಯದ ಮಾತುಗಳೂ ತೇಲಿ ಹೋದವು. ಸಂಶಯ ತೇಲುವಾಗ ಇದ್ದ ಗಾತ್ರದ ಅಕ್ಷರ, ಅದು ಮುಳುಗುವಾಗ ಇರುವುದಿಲ್ಲ.

2023ರ ಚುನಾವಣೆಯಲ್ಲಿ ರೇಣುಕಾಚಾರ್ಯ ಸೋತರು. ಟಿ.ವಿ. ನೋಡುವ ಜನ ಟಿ.ವಿ. ಹೇಳಿದಂತೆ ಕೇಳುವ ಕುರಿಗಳೆಂದು ತಿಳಿಯುವವರಿಗೆ ಇದನ್ನೊಂದು ನೆನಪಿಸಬೇಕು ಅನಿಸಿತು.

ನ್ಯಾಮತಿ, ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಊರು. ಬಂಜಾರರ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವುದು ಇಲ್ಲೇ. ಪ್ರತಿ ಫೆಬ್ರವರಿಯಲ್ಲಿ ಹಲವು ರಾಜ್ಯಗಳಿಂದ ಜನ ನಡೆದು ಬರುತ್ತಾರೆ. ಆದರೆ ನ್ಯಾಮತಿ ಎಲ್ಲಿದೆ ಎಂದು ರಾಜ್ಯಕ್ಕೆ ಗೊತ್ತಾದದ್ದು 2024ರ ಅಕ್ಟೋಬರ್ ಕೊನೆಯಲ್ಲಿ, ಸ್ಟೇಟ್ ಬ್ಯಾಂಕಿನ ಶಾಖೆಯಿಂದ 17 ಕೆ.ಜಿ.ಗೂ ಹೆಚ್ಚು ಚಿನ್ನ ಕಳುವಾದಾಗ. ಐದು ತಿಂಗಳ ಬಳಿಕ ಪೊಲೀಸರು ಅದನ್ನು ತಮಿಳುನಾಡಿನ ಮಧುರೆ ಕಡೆಯ ಬಾವಿಯಿಂದ ತೆಗೆದರು. ಆರೋಪಿಗಳು ‘ಮನಿ ಹೈಸ್ಟ್’ ಧಾರಾವಾಹಿ ನೋಡಿದ್ದರೆಂದು ಪೊಲೀಸರೇ ಹೇಳಿದ ಮೇಲೆ ಕೇಳಬೇಕೆ? ಹಿನ್ನೆಲೆ ಸಂಗೀತವೂ ಸಿದ್ಧವಿತ್ತು. ಆ ಚಿನ್ನ ಅಡವಿಟ್ಟವರದು. ಒಂದು ಸಣ್ಣ ಊರಿನ ಒಂದೇ ಶಾಖೆಯಲ್ಲಿ 17 ಕೆ.ಜಿ. ಚಿನ್ನ ಅಡವಿಗೆ ಬಂದು ಕೂತಿದೆ ಎಂದರೆ ಬಿತ್ತನೆಗೆ, ಬೋರ್‌ವೆಲ್ಲಿಗೆ, ಮಗಳ ಕಾಲೇಜಿಗೆ ಎಷ್ಟು ಮನೆಗಳ ಕೊರಳು ಬರಿದಾಗಿರಬೇಕು! ಕಳ್ಳತನಕ್ಕಿಂತ ದೊಡ್ಡ ಸುದ್ದಿ ಅದು. ಆ ಐದು ತಿಂಗಳಲ್ಲಿ ಒಡವೆ ಹೋದ ಮನೆಯವರು ಏನು ಅನುಭವಿಸಿದರು ಎಂದು ಕೇಳಿದವರು ಪತ್ರಿಕೆಗಳ ಸ್ಥಳೀಯ ವರದಿಗಾರರು, ಒಳಪುಟದಲ್ಲಿ.

ಇನ್ನು ನಮಗೆ ಹತ್ತಿರದ, ಹೇಳಲು ಕಷ್ಟದ ಎರಡು ಸಂಗತಿಗಳು.

2024ರ ಮೇ 24ರಂದು ಮಟ್ಕಾ ಆರೋಪದ ಮೇಲೆ ಚನ್ನಗಿರಿ ಠಾಣೆಗೆ ಕರೆತಂದ ಮುಸ್ಲಿಂ ಯುವಕನೊಬ್ಬ ಸತ್ತ. ಪೊಲೀಸರೇ ಕೊಂದರೆಂದು ಸಿಟ್ಟಾದ ಗುಂಪು ರಾತ್ರಿ ಠಾಣೆಗೆ ನುಗ್ಗಿ ಕಲ್ಲು ತೂರಿತು. ಪೊಲೀಸರು ಗಾಯಗೊಂಡರು, ವಾಹನಗಳು ಜಖಂಗೊಂಡವು. ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಠಾಣೆಗೆ ಕಲ್ಲು ಹೊಡೆದವರನ್ನು ಸಮರ್ಥಿಸುವ ಯಾವ ಮಾತೂ ನಮ್ಮಲ್ಲಿಲ್ಲ. ಆದರೆ ಆ ರಾತ್ರಿ ನಡೆದದ್ದು ಎರಡು ಘಟನೆ: ಒಂದು ಸಾವು, ಒಂದು ದಾಳಿ. ಸಾವು ನಡೆದಾಗ ಕ್ಯಾಮೆರಾ ಇರಲಿಲ್ಲ. ದಾಳಿ ನಡೆದಾಗ ಕೈಕೈಯಲ್ಲೂ ಮೊಬೈಲ್ ಇತ್ತು. ದೃಶ್ಯವಿರುವುದೇ ಸುದ್ದಿ ಎಂಬ ನಿಯಮದಲ್ಲಿ ಸಾವು ಕೆಳಗಿನ ಪಟ್ಟಿಗೆ ಇಳಿಯಿತು, ದಾಳಿ ಪರದೆ ತುಂಬಿತು. ಪೊಲೀಸ್ ವಶದಲ್ಲಿ ಸಾವು ಸಂಭವಿಸಿದರೆ ನ್ಯಾಯಾಂಗ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯವೆಂದು ಕಾನೂನೇ ಹೇಳುತ್ತದೆ. ಅಂಥ ವಿಚಾರಣೆ ಏನಾಯಿತು ಎಂದು ಬೆನ್ನು ಹತ್ತುವುದು ಸುದ್ದಿಮನೆಯ ಕೆಲಸ. ಸ್ಟುಡಿಯೋಗಳಲ್ಲಿ ಕೂತವರು ಮಾತಾಡಿದ್ದು ದಾಳಿಕೋರರ ಧರ್ಮದ ಬಗ್ಗೆ. ಒಬ್ಬ ಮೌಲವಿ, ಒಬ್ಬ ಪಕ್ಷದ ವಕ್ತಾರ, ಒಬ್ಬ ನಿವೃತ್ತ ಅಧಿಕಾರಿ: ಇದಕ್ಕಿಂತ ಅಗ್ಗದ ಕಾರ್ಯಕ್ರಮ ಟಿ.ವಿ.ಯಲ್ಲಿ ಬೇರೊಂದಿಲ್ಲ. ಓಬಿ ವ್ಯಾನಿಗೆ ಡೀಸೆಲ್ ಕೂಡ ಬೇಡ.

ಎರಡನೆಯದು ತಾವರೆಕೆರೆ. ಗಂಡ ಮಸೀದಿಗೆ ದೂರು ಕೊಟ್ಟ, ಹೆಂಡತಿಯನ್ನು ಕರೆಸಲಾಯಿತು, ಗಂಡಸರ ಗುಂಪು ಆಕೆಯನ್ನು ದೊಣ್ಣೆ, ಪೈಪುಗಳಿಂದ ಹೊಡೆಯಿತು. ವಿಡಿಯೋ ಹರಡಿದ ಮೇಲೆ ಆರು ಜನರ ಬಂಧನವಾಯಿತು. ಇದಕ್ಕೆ ಮಾಧ್ಯಮದ ಪಿತೂರಿ ಎಂಬ ಹೆಸರಿಡಲು ನಮ್ಮಲ್ಲೇ ಕೆಲವರು ಹೊರಟಿದ್ದರು. ಆ ಹೆಣ್ಣುಮಗಳ ಮೈಮೇಲಿನ ಬಾಸುಂಡೆ ಪಿತೂರಿಯಲ್ಲ. ಮಸೀದಿಯ ಅಂಗಳವನ್ನು ಪಂಚಾಯಿತಿ ಕಟ್ಟೆಯಾಗಿ, ಪಂಚಾಯಿತಿ ಕಟ್ಟೆಯನ್ನು ಠಾಣೆಯಾಗಿ ಮಾಡಿಕೊಂಡವರಿಗೆ ಧರ್ಮದ ಆಸರೆ ಇಲ್ಲ, ಸಿಗಲೂಬಾರದು. ಇಷ್ಟು ಹೇಳಿದ ಮೇಲೆ ಪರದೆಯ ಕಡೆ ತಿರುಗೋಣ. ‘ತಾಲಿಬಾನ್’ ಎಂಬ ಪದ ಅಲ್ಲಿಗೆ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೆಲವು ಸೆಕೆಂಡುಗಳ ಆ ವಿಡಿಯೋ ಸಂಜೆಯೆಲ್ಲ ಸುತ್ತಿತು. ಪ್ರತಿ ಸುತ್ತಿನಲ್ಲೂ ಆಕೆ ಮತ್ತೊಮ್ಮೆ ಏಟು ತಿಂದಳು, ಇದೀಗ ಇಡೀ ರಾಜ್ಯದ ಎದುರು. ಜಾತಿ ಪಂಚಾಯಿತಿಗಳು ಹೆಣ್ಣನ್ನು ದಂಡಿಸಿದ ಸುದ್ದಿಗಳು ನಮ್ಮ ರಾಜ್ಯದಲ್ಲಿ ಎಲ್ಲ ಸಮುದಾಯಗಳಿಂದಲೂ ಬಂದಿವೆ. ಅಲ್ಲಿ ಊರಿನ ಹೆಸರಿರುತ್ತದೆ, ಆರೋಪಿಗಳ ಹೆಸರಿರುತ್ತದೆ. ಇಡೀ ಧರ್ಮವನ್ನು ಕಟಕಟೆಗೆ ತಂದು ನಿಲ್ಲಿಸುವುದಿಲ್ಲ. ಆಕೆಗೆ ಈಗ ರಕ್ಷಣೆ ಯಾರು ಕೊಡುತ್ತಾರೆ, ಮಕ್ಕಳು ಯಾರ ಬಳಿ ಎಂಬುದು ಮೂರನೆಯ ದಿನದ ಪ್ರಶ್ನೆ. ಮೂರನೆಯ ದಿನ ಕ್ಯಾಮೆರಾ ಬೇರೆ ಊರಲ್ಲಿತ್ತು.

ಇದು ಮುನಿಸಿನ ಮಾತೆಂದು ತಳ್ಳಿಹಾಕುವವರಿಗೆ ದಾಖಲೆಯೊಂದಿದೆ. 2020ರ ವಸಂತದಲ್ಲಿ ಕೊರೊನಾ ಹರಡಿದ್ದು ತಬ್ಲೀಗಿನವರಿಂದ ಎಂದು ನಡೆಸಿದ ಕಾರ್ಯಕ್ರಮಗಳಿಗಾಗಿ 2021ರ ಜೂನಿನಲ್ಲಿ ವಾಹಿನಿಗಳದೇ ಸ್ವಯಂನಿಯಂತ್ರಣ ಪ್ರಾಧಿಕಾರ ನ್ಯೂಸ್18 ಕನ್ನಡಕ್ಕೆ ಒಂದು ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ದೂರು ಕೊಟ್ಟದ್ದು ದ್ವೇಷದ ಮಾತಿನ ವಿರುದ್ಧ ಕೆಲಸ ಮಾಡುವ ಬೆಂಗಳೂರಿನ ಗೆಳೆಯರ ಗುಂಪು. ತೀರ್ಪು ಬರಲು ವರ್ಷಕ್ಕೂ ಮೇಲೆ ಹಿಡಿಯಿತು. ಅಷ್ಟರಲ್ಲಿ ತಳ್ಳುಗಾಡಿಯ ಸಾಬರನ್ನು ಊರೊಳಗೆ ಬರಬೇಡ ಎಂದ ಘಟನೆಗಳು ರಾಜ್ಯದ ಹಲವೆಡೆ ನಡೆದು ಮುಗಿದಿದ್ದವು. ಒಂದು ಲಕ್ಷ ರೂಪಾಯಿ ದೊಡ್ಡ ವಾಹಿನಿಗೆ ದಂಡವಲ್ಲ, ಖರ್ಚಿನ ಬಾಬತ್ತು. 2020ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ ಮಾಧ್ಯಮಗಳ ಅಪಪ್ರಚಾರವನ್ನು ಟೀಕಿಸಿತು; 2025ರ ಜುಲೈಯಲ್ಲಿ ದೆಹಲಿ ಹೈಕೋರ್ಟು 70 ಭಾರತೀಯರ ಮೇಲಿನ ಪ್ರಕರಣಗಳನ್ನು ಕೈಬಿಟ್ಟಿತು. ಐದು ವರ್ಷ ತಡವಾಗಿ ಬಂದ ಆ ಸುದ್ದಿಗೆ ಎಷ್ಟು ನಿಮಿಷ ಸಿಕ್ಕಿತೆಂದು ಓದುಗರೇ ನೆನಪಿಸಿಕೊಳ್ಳಲಿ.

ಹಾಗಾದರೆ ಮೀಟರನ್ನು ಕಿತ್ತೆಸೆದರೆ ಎಲ್ಲ ಸರಿಹೋಗುತ್ತದೆಯೇ? ಅದನ್ನೂ ನೋಡಿಯಾಗಿದೆ. ಮುಂಬೈ ಹಗರಣದ ಬೆನ್ನಿಗೆ ಬಾರ್ಕ್ ಸುದ್ದಿವಾಹಿನಿಗಳ ಅಂಕಿ ಪ್ರಕಟಣೆಯನ್ನು ನಿಲ್ಲಿಸಿತು. 2020ರ ಅಕ್ಟೋಬರಿನಿಂದ 2022ರ ಮಾರ್ಚಿನವರೆಗೆ, ಹದಿನೇಳು ತಿಂಗಳು, ಸುದ್ದಿಗೆ ಟಿಆರ್‌ಪಿಯೇ ಇರಲಿಲ್ಲ. ಕನ್ನಡದ ಪರದೆ ಆಗ ಶಾಂತವಾಗಿತ್ತೇ? ಹಿಜಾಬ್ ವಿವಾದ ಭುಗಿಲೆದ್ದ 2022ರ ಫೆಬ್ರವರಿ ಬಂದದ್ದು ಆ ಹದಿನೇಳು ತಿಂಗಳ ಒಳಗೇ. ಶಾಲೆಯ ಗೇಟಿನಲ್ಲಿ ಎಳೆಯ ಹುಡುಗಿಯರ ಬೆನ್ನಟ್ಟಿದ ಕ್ಯಾಮೆರಾಗಳಿಗೆ ಆ ವಾರ ಯಾವ ಮೀಟರೂ ಅಂಕ ಕೊಡುತ್ತಿರಲಿಲ್ಲ. ಹೈಕೋರ್ಟಿನ ತೀರ್ಪು ಮಾರ್ಚ್ 15ಕ್ಕೆ, ಅಂಕಿಗಳು ಮರಳಿದ್ದು ಮಾರ್ಚ್ 17ಕ್ಕೆ. ಮೀಟರು ಹದಿನೈದು ವರ್ಷ ಕಲಿಸಿದ ಪಾಠ ಮೀಟರು ಇಲ್ಲದಾಗಲೂ ಮರೆತುಹೋಗಿರಲಿಲ್ಲ. ಜೊತೆಗೆ ಅಷ್ಟರಲ್ಲಿ ಯೂಟ್ಯೂಬ್ ಬಂದಿತ್ತು. ಅಲ್ಲಿ ಎಷ್ಟು ಜನ ನೋಡುತ್ತಿದ್ದಾರೆಂಬುದು ಗುರುವಾರದವರೆಗೆ ಕಾಯದೆ ಆ ಕ್ಷಣದಲ್ಲೇ ಕಾಣುತ್ತದೆ. ಅದಕ್ಕೆ ಹಳ್ಳಿ-ಪೇಟೆಯ ಭೇದವಿಲ್ಲ. ಈ ಸಲ ಜಗಳೂರಿನ ನೋಡುಗನೂ ಲೆಕ್ಕದಲ್ಲಿದ್ದಾನೆ. ತಾವರೆಕೆರೆಯ ವಿಡಿಯೋವನ್ನು ಬೆರಳಿನಿಂದ ಒತ್ತಿ ನೋಡಿದವರಲ್ಲಿ ನಮ್ಮವರೂ ಇದ್ದರು, ಬೈಯುತ್ತ ಮುಂದಕ್ಕೆ ಕಳಿಸಿದವರೂ ಇದ್ದರು. ಸುದ್ದಿ ತಂದವನನ್ನು ಪರಿಶೀಲಿಸದೆ ನಂಬಿ ಹೆಜ್ಜೆ ಇಡಬಾರದೆಂಬ ತಾಕೀತು ಕುರ್‌ಆನಿನ 49ನೇ ಅಧ್ಯಾಯದಲ್ಲಿದೆ. ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮುನ್ನ ಯಾರು ಯಾರಿಂದ ಕೇಳಿದರೆಂಬ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ತಟ್ಟಿ ನೋಡುತ್ತಿದ್ದರು. ಚನ್ನಗಿರಿಯ ಆ ರಾತ್ರಿ ಗುಂಪು ಸೇರಿದ ವೇಗವನ್ನು ನೆನೆದರೆ ಈ ಪಾಠ ಸ್ಟುಡಿಯೋಗಳಿಗೆ ಮಾತ್ರ ಬೇಕಾದದ್ದು ಅನಿಸುವುದಿಲ್ಲ.

ಕೊನೆಗೆ ಜಗಳೂರು. ಪಾರ್ಲಿಮೆಂಟಿಗೆ ಎರಡು ಸಲ, 1957ರಲ್ಲಿ ಮತ್ತು 1967ರಲ್ಲಿ, ಚಿತ್ರದುರ್ಗದಿಂದ ಆಯ್ಕೆಯಾದ ಜೆ. ಮಹಮದ್ ಇಮಾಂ ಅವರ ಊರು. ಹುಲ್ಲೆಯ ಜಾತಿಯ ಕೊಂಡುಕುರಿಗೆಂದೇ ರಂಗಯ್ಯನದುರ್ಗದಲ್ಲಿ ಅಭಯಾರಣ್ಯ ಇರುವ ತಾಲ್ಲೂಕು. ಮತ್ತೆ ಮತ್ತೆ ಬರಗಾಲಕ್ಕೆ ಸಿಗುವ ತಾಲ್ಲೂಕು. ಬರ ಟಿ.ವಿ.ಗೆ ಒಗ್ಗದ ಸುದ್ದಿ. ಅದು ಒಂದು ದಿನ ನಡೆಯುವುದಿಲ್ಲ, ಅದಕ್ಕೆ ಸಿಸಿಟಿವಿ ದೃಶ್ಯವಿಲ್ಲ, ಆರೋಪಿಯಿಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದಾಗ ಜಗಳೂರು ಆ ಸಂಖ್ಯೆಯೊಳಗೆ ಕರಗಿಹೋಯಿತು. ಆ ವರ್ಷ ಜಗಳೂರು ಟಿ.ವಿ.ಗೆ ಬಂದದ್ದು ಹೊಸ ಶಾಸಕ ಬಿ. ದೇವೇಂದ್ರಪ್ಪ ತಾವು ಹಿಂದೆ ಜವಾನರಾಗಿದ್ದ ಶಾಲೆಗೆ ಹೋಗಿ ಪೊರಕೆ ಹಿಡಿದಾಗ. ಒಳ್ಳೆಯ ದೃಶ್ಯವೇ, ನಾವೂ ಮೆಚ್ಚಿಕೊಂಡೆವು. ಆದರೆ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಇದೆ. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ 5,300 ಕೋಟಿ ಘೋಷಿಸಿತು, ಆ ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ ವರ್ಷವರ್ಷ ದೂರುತ್ತ ಬಂತು. 2025ರ ಜೂನಿನಲ್ಲಿ ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಬೇರೆಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಯ ವಿರುದ್ಧ ದಾವಣಗೆರೆಯ ಅಚ್ಚುಕಟ್ಟಿನ ರೈತರು ಬೀದಿಗಿಳಿದರು. ಚನ್ನಗಿರಿ, ಹೊನ್ನಾಳಿಯವರಿಗೆ ಭದ್ರೆ ಇರುವ ನೀರು, ಜಗಳೂರಿನವರಿಗೆ ಬರಬೇಕಾದ ನೀರು. ಒಂದೇ ಜಿಲ್ಲೆಯ ಎರಡು ಕಡೆಯವರು ಒಂದೇ ನದಿಯನ್ನು ಹೇಗೆ ನೋಡುತ್ತಾರೆಂಬ ಈ ಕಥೆಗೆ ಒಬ್ಬ ವರದಿಗಾರ, ಒಂದು ಕ್ಯಾಮೆರಾ, ಎರಡು ವಾರ ಸಾಕು. ತಾಲ್ಲೂಕಿನಲ್ಲಿ ವಾಹಿನಿಯ ಲೋಗೋ ಹಿಡಿದು ಓಡಾಡುವ ಅನೇಕ ಹುಡುಗರಿಗೆ ಸಂಬಳವಿಲ್ಲ. ಪ್ರಸಾರವಾದ ತುಣುಕಿಗೆ ಇಷ್ಟು ಎಂದು ಲೆಕ್ಕ, ಹಬ್ಬಕ್ಕೆ ಜಾಹೀರಾತು ತಂದುಕೊಡುವ ಜವಾಬ್ದಾರಿ ಬೇರೆ. ಕೆರೆ ತುಂಬಿದ ದಿನ ಮಂತ್ರಿಗಳು ಬಾಗಿನ ಬಿಟ್ಟರೆ ಆ ತುಣುಕು ಹೋಗುತ್ತದೆ. ನೀರು ಎಷ್ಟು ದಿನ ನಿಂತಿತು, ಕಡೆಯ ಕೆರೆಗೆ ಮುಟ್ಟಿತೇ ಎಂದು 57 ಕೆರೆ ಸುತ್ತಿ ಬಂದರೆ ಪೆಟ್ರೋಲಿನ ಖರ್ಚು ಅವನ ಜೇಬಿನದೇ.